ತೋಳಿನ ಸ್ನಾಯುವಿನ ಇಎಂಜಿ: ಚರ್ಮ ಒರೆಸುವುದರಿಂದ ಅಲೆ ಓದುವವರೆಗೆ

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲಗೈಯನ್ನು ಅಂಗೈ ಕೆಳಗಾಗಿ ಮೇಜಿನ ಮೇಲಿಡಿ. ಮೊಣಕೈಯ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯ ಗಂಟಿನಿಂದ ಮೂರು ಬೆರಳು ಕೆಳಗೆ, ಮುಂಗೈ ಮೇಲೆ ಎಡಗೈ ಬೆರಳುಗಳನ್ನು ಒತ್ತಿ ಹಿಡಿಯಿರಿ. ಈಗ ಬಲ ಮುಷ್ಟಿಯನ್ನು ಬಿಗಿಯಾಗಿ ಕಟ್ಟಿ. ಬೆರಳ ಕೆಳಗೆ ಸ್ನಾಯು ಗಟ್ಟಿಯಾಯಿತು, ಅಲ್ವಾ? ಮುಷ್ಟಿ ಕಟ್ಟುವ ಸ್ನಾಯುಗಳು ಇರುವುದು ಮುಂಗೈಯ ಇನ್ನೊಂದು ಬದಿಯಲ್ಲಿ. ಆದರೂ ಈ ಬದಿಯೂ ದುಡಿಯುತ್ತದೆ. ಮಣಿಕಟ್ಟು ಒಳಗೆ ಬಾಗಿಹೋಗದಂತೆ ಹಿಡಿದಿಡುವುದು ಅದರ ಕೆಲಸ. ಟೆನ್ನಿಸ್ ಎಲ್ಬೋ, ಅಂದರೆ ಮೊಣಕೈ ಹೊರಬದಿಯ ನೋವು ಇರುವವರಿಗೆ ಬಟ್ಟೆ ಹಿಂಡುವಾಗ, ಬಿಂದಿಗೆ ಎತ್ತುವಾಗ ನೋವು ಬರುವುದು ಇದರಿಂದಲೇ.

ನಮ್ಮ ಬೆರಳಿಗೆ ಗೊತ್ತಾಗುವುದು ಇಷ್ಟೇ. ಸ್ನಾಯು ಯಾವ ಕ್ಷಣಕ್ಕೆ ಶುರು ಮಾಡಿತು, ಯಾವಾಗ ಬಿಟ್ಟಿತು, ನಿನ್ನೆಗಿಂತ ಇವತ್ತು ಜಾಸ್ತಿ ದುಡಿಯಿತೋ ಕಡಿಮೆಯೋ ಎಂದು ತಿಳಿಯಬೇಕಾದರೆ ಸರ್ಫೇಸ್ ಇಎಂಜಿ ಬೇಕು, ಅಂದರೆ ಚರ್ಮದ ಮೇಲಿನಿಂದಲೇ ಸ್ನಾಯುವಿನ ವಿದ್ಯುತ್ತನ್ನು ಅಳೆಯುವ ವಿಧಾನ. ಫಿಸಿಯೋಥೆರಪಿ ಓದುತ್ತಿರುವವರು, ಆಟಗಾರರ ಜೊತೆ ಕೆಲಸ ಮಾಡುವ ಟ್ರೇನರ್‌ಗಳು, ಬಯೋಮೆಡಿಕಲ್ ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು, ನಿಮ್ಮೆಲ್ಲರಿಗಾಗಿ ಈ ಬರಹ.

ಮಿದುಳಿನಿಂದ ನರದ ಮೂಲಕ ಆಜ್ಞೆ ಬಂದಾಗ ಸ್ನಾಯುವಿನ ಎಳೆಗಳ ಮೇಲೆ ವಿದ್ಯುತ್ತಿನ ಒಂದು ಸಣ್ಣ ಅಲೆ ಓಡುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 4 ಮೀಟರ್. ಸಾವಿರಾರು ಎಳೆಗಳ ಅಲೆಗಳು ಸೇರಿ ಚರ್ಮದವರೆಗೆ ಬರುವ ಗದ್ದಲವನ್ನು ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್ ಎಂಬ ಬಿಲ್ಲೆ ಹಿಡಿಯುತ್ತದೆ. ಹೆಚ್ಚೆಂದರೆ ಕೆಲವು ಮಿಲಿವೋಲ್ಟ್. "ಶಾಕ್ ಹೊಡೆಯುತ್ತಾ ಸಾರ್?" ಎಂದು ಬಹಳಷ್ಟು ಜನ ಕೇಳುತ್ತಾರೆ. ಇಲ್ಲ. ಈ ಯಂತ್ರ ಮೈಯೊಳಗೆ ಕರೆಂಟ್ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ನರರೋಗ ತಜ್ಞರು ಸೂಜಿ ಚುಚ್ಚಿ ಮಾಡುವ ಇಎಂಜಿ ಬೇರೆ, ಇದು ಬೇರೆ. ಇದನ್ನು ಅಂಟಿಸುವ ಮೊದಲೇ ಬಿಡಿಸಿ ಹೇಳಿ. ಹೆದರಿಕೊಂಡವರ ಕೈ ಸಡಿಲವಾಗುವುದಿಲ್ಲ, ಸಡಿಲವಾಗದ ಕೈಯಲ್ಲಿ ಅಳತೆ ಸರಿ ಬರುವುದಿಲ್ಲ.

ಮೊದಲು ಪ್ರಶ್ನೆ, ಆಮೇಲೆ ಯಂತ್ರ

ಏನು ತಿಳಿಯಬೇಕು ಎಂದು ಒಂದೇ ಸಾಲಿನಲ್ಲಿ ಬರೆದಿಡಿ. "ಲಕ್ವ ಹೊಡೆದ ಇವರು ಮೊಣಕೈ ಚಾಚುವಾಗ ರಟ್ಟೆಯ ಮುಂಬದಿಯ ಬೈಸೆಪ್ಸ್ ಸ್ನಾಯು ಸಡಿಲ ಬಿಡುತ್ತಿದೆಯೇ?" ಎನ್ನುವುದು ಒಳ್ಳೆಯ ಪ್ರಶ್ನೆ. "ಬ್ಯಾಡ್ಮಿಂಟನ್ ರಾಕೆಟ್ ಹಿಡಿ ದಪ್ಪ ಮಾಡಿದರೆ ಮುಂಗೈ ಸ್ನಾಯುವಿಗೆ ಭಾರ ಇಳಿಯುತ್ತದೆಯೇ?" ಇದೂ ಒಳ್ಳೆಯದೇ. "ಇವರ ಕೈಗೆ ಎಷ್ಟು ಶಕ್ತಿ ಇದೆ?" ಎನ್ನುವುದು ಇಎಂಜಿಗೆ ಕೇಳುವ ಪ್ರಶ್ನೆ ಅಲ್ಲ. ಅದಕ್ಕೆ ಬಲ ಅಳೆಯುವ ಡೈನಮೋಮೀಟರ್ ಇದೆ, ತೂಕ ಇದೆ. ಇಎಂಜಿ ತೋರಿಸುವುದು ಸ್ನಾಯುವಿನ ವಿದ್ಯುತ್ ಚಟುವಟಿಕೆ. ಬಲ ಏರಿದರೆ ಅದೂ ಏರುತ್ತದೆ, ನಿಜ. ಆದರೆ ಎರಡೂ ಒಂದೇ ಅಲ್ಲ, ಒಂದೇ ಲೆಕ್ಕದಲ್ಲಿ ಏರುವುದೂ ಇಲ್ಲ.

ಬೇಕಾದ ಸಾಮಾನು

ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡ್ ಲೇಪನದ, ಜೆಲ್ ಇರುವ, ಒಮ್ಮೆ ಬಳಸಿ ಎಸೆಯುವ ಎಲೆಕ್ಟ್ರೋಡ್ ಸಾಕು. ಇಸಿಜಿಗೆ ಬಳಸುವ ದೊಡ್ಡ ಬಿಲ್ಲೆ ತೋಳಿಗೆ ಅಗಲವಾಗುತ್ತದೆ. ಎರಡನ್ನು ಪಕ್ಕದಲ್ಲಿ ಅಂಟಿಸಿದರೆ ನಡುವಿನ ಅಂತರ 4 ಸೆಂಟಿಮೀಟರ್ ದಾಟುತ್ತದೆ. ಮಕ್ಕಳಿಗೆ ಬಳಸುವ ಚಿಕ್ಕ ಬಿಲ್ಲೆ ತನ್ನಿ. ಅದು ಸಿಗದಿದ್ದರೆ ಅಂಚಿನ ಫೋಮನ್ನು ಕತ್ತರಿಸಿ, ಒಂದರ ಜೆಲ್ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳಿ. ಪೊಟ್ಟಣದ ಮೇಲಿನ ದಿನಾಂಕ ನೋಡಿ. ತೆರೆದಿಟ್ಟ ಪೊಟ್ಟಣದಲ್ಲಿ ಜೆಲ್ ಒಣಗಿ ಹೋಗುತ್ತದೆ.

ಒಂದು ಸ್ನಾಯುವಿಗೆ ಎರಡು ಎಲೆಕ್ಟ್ರೋಡ್, ಇಡೀ ಕೈಗೆ ಒಂದು ರೆಫರೆನ್ಸ್, ಅಂದರೆ ಹೋಲಿಕೆಗೆ ಇಡುವ ಎಲೆಕ್ಟ್ರೋಡ್. ಯಂತ್ರ ಸೆಕೆಂಡಿಗೆ ಕನಿಷ್ಠ 1000 ಸಲ ಅಳೆಯಬೇಕು, 2000 ಇದ್ದರೆ ನಿಶ್ಚಿಂತೆ. ಏಕೆಂದರೆ ಈ ಸಿಗ್ನಲ್‌ನಲ್ಲಿ 10ರಿಂದ 500 ಹರ್ಟ್ಜ್‌ವರೆಗಿನ, ಅಂದರೆ ಸೆಕೆಂಡಿಗೆ 10ರಿಂದ 500 ಸಲ ಏರಿಳಿಯುವ ಅಲೆಗಳಿರುತ್ತವೆ. ಅತಿ ವೇಗದ ಅಲೆಗಿಂತ ಎರಡು ಪಟ್ಟಾದರೂ ವೇಗವಾಗಿ ಅಳೆಯದಿದ್ದರೆ ಅದರ ಆಕಾರವೇ ಕೆಡುತ್ತದೆ.

ಕಾಲೇಜು ಪ್ರಾಜೆಕ್ಟ್‌ಗೆ ಕಡಿಮೆ ಬೆಲೆಯ ಬೋರ್ಡ್‌ಗಳಿವೆ. ಮಯೋವೇರ್ ಇದೆ, ನಮ್ಮ ದೇಶದ ಅಪ್‌ಸೈಡ್ ಡೌನ್ ಲ್ಯಾಬ್ಸ್‌ನವರ ಬಯೋಆಂಪ್ ಎಕ್ಸ್‌ಜಿ ಪಿಲ್ ಇದೆ. ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ಕಲಿಯಲು ಇವು ತುಂಬಾ ಒಳ್ಳೆಯವು. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಇಂಥ ಬೋರ್ಡ್ ಮೈಗೆ ಅಂಟಿರುವಾಗ ಲ್ಯಾಪ್‌ಟಾಪ್ ಚಾರ್ಜರ್ ಗೋಡೆಯಲ್ಲಿ ಇರಬಾರದು. ಬ್ಯಾಟರಿಯಲ್ಲೇ ನಡೆಸಿ. ರೋಗಿಗಳ ಮೇಲೆ ಬಳಸುವುದಾದರೆ ವೈದ್ಯಕೀಯ ಬಳಕೆಗೆಂದೇ ಪ್ರಮಾಣಪತ್ರ ಪಡೆದ ಯಂತ್ರವೇ ಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಚರ್ಮ ಸಿದ್ಧ ಮಾಡುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಕೆಟ್ಟ ಸಿಗ್ನಲ್ ಬಂದಾಗ ಎಲ್ಲರೂ ಯಂತ್ರವನ್ನು ಅನುಮಾನಿಸುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಚರ್ಮದಲ್ಲೇ ಸಿಕ್ಕಿದೆ.

ಬರ್ಲಿನ್‌ನ ವಿಜ್ಞಾನಿ ಎಮಿಲ್ ದ್ಯು ಬ್ವಾ ರೇಮಾಂಡ್ 1849ರಲ್ಲಿ ಮನುಷ್ಯರು ತಾವಾಗಿ ಬಿಗಿಹಿಡಿದ ತೋಳಿನ ವಿದ್ಯುತ್ತನ್ನು ಅಳೆದು ತೋರಿಸಿದರು. ಆಗ ಅವರಿಗೆ ಅಡ್ಡಿಯಾದದ್ದೂ ಚರ್ಮವೇ. ಅವರು ಕೈ ಮೇಲೆ ಬೊಬ್ಬೆ ಬರಿಸಿ, ಮೇಲಿನ ಪದರ ತೆಗೆದು ಅಳೆದರು. ಸಿಗ್ನಲ್ ಎಷ್ಟೋ ದೊಡ್ಡದಾಯಿತು. ನಮಗೆ ಅಷ್ಟು ಹಿಂಸೆ ಬೇಕಿಲ್ಲ. ಆದರೆ ಸತ್ತ ಚರ್ಮದ ಒಣ ಪದರ ಕರೆಂಟನ್ನು ತಡೆಯುತ್ತದೆ ಎನ್ನುವ ಮಾತು ಇವತ್ತಿಗೂ ಅಷ್ಟೇ ನಿಜ.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಕೈ ನೋವು ಎಂದು ಬರುವವರು ಮನೆಯಲ್ಲಿ ಎಣ್ಣೆ ತಿಕ್ಕಿಕೊಂಡೇ ಬರುತ್ತಾರೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಮುಲಾಮು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ಅಜ್ಜಿಯ ಕೈಗೆ ಮೂರು ಸಲ ಎಲೆಕ್ಟ್ರೋಡ್ ಬದಲಿಸಿದೆ, ವೈರ್ ಬದಲಿಸಿದೆ. ರೇಖೆ ಸುಧಾರಿಸಲೇ ಇಲ್ಲ. ಕೊನೆಗೆ ಅಜ್ಜಿಯೇ, "ಬೆಳಿಗ್ಗೆ ಮಗಳು ಎಣ್ಣೆ ಹಚ್ಚಿದ್ಲಪ್ಪಾ, ಅದಕ್ಕೇನಾದ್ರೂ ಆಗತ್ತಾ?" ಎಂದರು. ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಅದೇ.

ಆದ್ದರಿಂದ ಮೊದಲು ಸೋಪು ನೀರಿನಲ್ಲಿ ಕೈ ತೊಳೆಸಿ, ಒಣ ಬಟ್ಟೆಯಲ್ಲಿ ಒರೆಸಿ. ಕೂದಲಿದ್ದರೆ ಕೇಳಿ ಒಪ್ಪಿಗೆ ಪಡೆದು ಹೊಸ ಬ್ಲೇಡಿನ ರೇಜರ್‌ನಿಂದ ಅಷ್ಟು ಜಾಗ ಮಾತ್ರ ತೆಗೆಯಿರಿ. ಆಮೇಲೆ ಚರ್ಮ ಉಜ್ಜುವ ಪೇಸ್ಟ್ ಅಥವಾ ಒರಟು ಗಾಜ್ ಬಟ್ಟೆಯಿಂದ ಹಗುರವಾಗಿ ನಾಲ್ಕೈದು ಸಲ ಉಜ್ಜಿ. ಚರ್ಮ ನಸುಗೆಂಪಾದರೆ ಸಾಕು, ತರಚಬಾರದು. ಕೊನೆಗೆ ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಸಕ್ಕರೆ ಕಾಯಿಲೆ ಇರುವವರ ಗಾಯ ಬೇಗ ಮಾಯುವುದಿಲ್ಲ, ವಯಸ್ಸಾದವರ ಚರ್ಮ ತೆಳ್ಳಗಿರುತ್ತದೆ. ಅವರಿಗೆ ಉಜ್ಜುವುದು ಬೇಡ, ಸ್ಪಿರಿಟ್ ಒರೆಸಿದರೆ ಸಾಕು. ಗಾಯ, ಕಜ್ಜಿ, ಅಲರ್ಜಿ ಇರುವ ಕಡೆ ಅಂಟಿಸಲೇಬೇಡಿ.

ಬಳೆ, ವಾಚು, ಬಿಗಿ ತೋಳಿನ ರವಿಕೆ ಎಲೆಕ್ಟ್ರೋಡಿಗೆ, ವೈರಿಗೆ ತಾಗುತ್ತವೆ. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಬನ್ನಿ ಎಂದು ಹಿಂದಿನ ದಿನವೇ ಹೇಳಿ. ಕೈಗೆ ಕಟ್ಟಿಕೊಂಡ ದೇವರ ದಾರವನ್ನು ಬಿಚ್ಚಿಸಬೇಕಿಲ್ಲ, ಸ್ವಲ್ಪ ಸರಿಸಿದರೆ ಆಯಿತು. ಮಂಗಳೂರು, ಉಡುಪಿ ಕಡೆ ಬೇಸಿಗೆಯಲ್ಲಿ ಬೆವರಿಗೆ ಎಲೆಕ್ಟ್ರೋಡ್ ಜಾರುತ್ತದೆ. ಬಂದವರನ್ನು ಹತ್ತು ನಿಮಿಷ ಫ್ಯಾನ್ ಕೆಳಗೆ ಕೂರಿಸಿ, ಆಮೇಲೆ ಅಂಟಿಸಿ, ಮೇಲೊಂದು ಟೇಪ್ ಹಾಕಿ.

ಜಾಗ ಹುಡುಕುವುದು

ಎಲ್ಲಿ ಅಂಟಿಸಬೇಕು ಎಂಬುದಕ್ಕೆ ಯುರೋಪಿನ ಸೆನಿಯಾಮ್ ಎಂಬ ಯೋಜನೆಯವರು ಕೊಟ್ಟ ಗುರುತುಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಎರಡು ಎಲೆಕ್ಟ್ರೋಡಿನ ಮಧ್ಯಬಿಂದುಗಳ ನಡುವೆ 20 ಮಿಲಿಮೀಟರ್ ಅಂತರ, ಎರಡೂ ಸ್ನಾಯುವಿನ ಎಳೆ ಓಡುವ ದಿಕ್ಕಿನಲ್ಲೇ. ಅಡ್ಡಡ್ಡ ಅಂಟಿಸಿದರೆ ಸಿಗ್ನಲ್ ಸೊರಗುತ್ತದೆ.

ಬೈಸೆಪ್ಸ್‌ಗೆ ವ್ಯಕ್ತಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈ 90 ಡಿಗ್ರಿ ಮಡಚಿಸಿ, ಅಂಗೈ ಮೇಲಕ್ಕೆ ಮಾಡಿಸಿ. ಭುಜದ ತುದಿಯ ಮೂಳೆಯಿಂದ ಮೊಣಕೈ ಮಡಿಕೆಯ ಗುಂಡಿಯವರೆಗೆ ಟೇಪಿನಲ್ಲಿ ಅಳೆಯಿರಿ. ಮಡಿಕೆಯ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ. ಉದ್ದ 30 ಸೆಂಟಿಮೀಟರ್ ಇದ್ದರೆ ಮಡಿಕೆಯಿಂದ 10 ಸೆಂಟಿಮೀಟರ್ ಮೇಲೆ. ನೋಡಲು ಉಬ್ಬು ಕಾಣುವ ನಟ್ಟನಡುವೆ ಅಂಟಿಸಬೇಕು ಅನ್ನಿಸುತ್ತದೆ. ಆದರೆ ನರ ಬಂದು ಸ್ನಾಯುವಿಗೆ ಸೇರುವ ಪಟ್ಟಿ ಅಲ್ಲೇ ಸುತ್ತಮುತ್ತ ಇರುತ್ತದೆ. ಅಲ್ಲಿಂದ ಅಲೆ ಎರಡೂ ಕಡೆಗೆ ಓಡುತ್ತದೆ. ಆ ಪಟ್ಟಿ ಎರಡು ಎಲೆಕ್ಟ್ರೋಡುಗಳ ನಡುವೆ ಬಿದ್ದರೆ ಒಂದು ಅಲೆ ಇನ್ನೊಂದನ್ನು ಅಳಿಸುತ್ತದೆ, ಅಳತೆ ಸುಮ್ನೆ ಚಿಕ್ಕದಾಗುತ್ತದೆ.

ರಟ್ಟೆಯ ಹಿಂಬದಿಯ ಟ್ರೈಸೆಪ್ಸ್‌ಗೆ ಭುಜದ ತುದಿಯ ಮೂಳೆಯ ಹಿಂದಿನ ಅಂಚಿನಿಂದ ಮೊಣಕೈ ಮೊನೆಯವರೆಗೆ ಗೆರೆ ಊಹಿಸಿ, ಅರ್ಧದಲ್ಲಿ ನಿಲ್ಲಿ. ಗೆರೆಯಿಂದ ಎರಡು ಬೆರಳು ಒಳಕ್ಕೆ ಹೋದರೆ ಉದ್ದ ಭಾಗ, ಎರಡು ಬೆರಳು ಹೊರಕ್ಕೆ ಹೋದರೆ ಹೊರ ಭಾಗ.

ಮುಂಗೈಯಲ್ಲಿ ನಿಧಾನ ಮಾಡಿ. ಇಲ್ಲಿ ಸಣ್ಣ ಸ್ನಾಯುಗಳು ಒತ್ತೊತ್ತಾಗಿ ಮಲಗಿವೆ, ಪಕ್ಕದವರ ಮಾತು ಇವರ ಮೈಕಿನಲ್ಲಿ ಕೇಳುತ್ತದೆ. ಮಣಿಕಟ್ಟು ಮೇಲೆತ್ತುವ ಸ್ನಾಯುವಿಗೆ, ಆರಂಭದಲ್ಲಿ ನೀವು ಬೆರಳಿಟ್ಟ ಜಾಗದಿಂದಲೇ ಹುಡುಕಲು ಶುರು ಮಾಡಿ. ಮಣಿಕಟ್ಟನ್ನು ಹೆಬ್ಬೆರಳಿನ ಕಡೆ ವಾಲಿಸಿ ಎತ್ತಲು ಹೇಳಿ, ಉಬ್ಬುವ ದಿಂಡನ್ನು ಬೆರಳಿನಿಂದ ಹಿಡಿದು ಗುರುತು ಹಾಕಿ. ಅಂಟಿಸಿದ ಮೇಲೆ ಪರೀಕ್ಷೆ ಮಾಡಿ. ಮಣಿಕಟ್ಟು ಮೇಜಿನ ಮೇಲೆ ಸಡಿಲವಾಗಿರಲಿ, ನಡುಬೆರಳೊಂದನ್ನೇ ಎತ್ತಲು ಹೇಳಿ. ಆಗ ದೊಡ್ಡ ಅಲೆ ಬಂದರೆ ನೀವು ಬೆರಳೆತ್ತುವ ಸ್ನಾಯುವಿನ ಮೇಲಿದ್ದೀರಿ. ಅರ್ಧ ಇಂಚು ಹೆಬ್ಬೆರಳಿನ ಕಡೆ ಸರಿಯಿರಿ. ಮಣಿಕಟ್ಟು ಒಳಗೆ ಮಡಚುವ ಸ್ನಾಯುವಿಗೆ ಮೊಣಕೈಯ ಒಳಗಂಟಿನಿಂದ ಮಣಿಕಟ್ಟಿನ ಹೆಬ್ಬೆರಳ ಬದಿಗೆ ಗೆರೆ ಎಳೆದು, ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಹುಡುಕಿ.

ರೆಫರೆನ್ಸ್ ಎಲೆಕ್ಟ್ರೋಡ್ ಸ್ನಾಯು ಇಲ್ಲದ, ಮೂಳೆ ತಾಗುವ ಜಾಗಕ್ಕೆ ಹೋಗಲಿ. ಮಣಿಕಟ್ಟಿನಲ್ಲಿ ಕಿರುಬೆರಳ ಕಡೆ ಎದ್ದು ಕಾಣುವ ಗುಬಟು ಹೇಳಿ ಮಾಡಿಸಿದ ಜಾಗ. ವೈರ್‌ಗಳನ್ನು ಟೇಪಿನಿಂದ ಕೈಗೆ ಕಟ್ಟಿ. ತೂಗಾಡುವ ವೈರ್ ತನ್ನದೇ ಅಲೆ ಹುಟ್ಟಿಸುತ್ತದೆ. ಅಂಟಿಸಿ ಐದು ನಿಮಿಷ ಕಾಯಿರಿ, ಜೆಲ್ ಚರ್ಮಕ್ಕೆ ಹೊಂದಿಕೊಳ್ಳಬೇಕು.

ಸಿಗ್ನಲ್ ಸರಿ ಇದೆಯೇ?

ಕೈಯನ್ನು ದಿಂಬಿನ ಮೇಲೆ ಪೂರ್ತಿ ಸಡಿಲ ಬಿಡಿಸಿ ನೋಡಿ. ರೇಖೆ ತೆಳ್ಳಗೆ, ಕೆಲವೇ ಮೈಕ್ರೋವೋಲ್ಟ್ ಇರಬೇಕು. 10 ದಾಟಿದರೆ ಕಾರಣ ಹುಡುಕಿ. ಸಮನಾದ ಹಲ್ಲುಗಳಂತೆ ಒಂದೇ ಲಯದ ಅಲೆ ಕಂಡರೆ ಅದು ಗೋಡೆಯ ಕರೆಂಟು, 50 ಹರ್ಟ್ಜ್. ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್, ಪಕ್ಕದಲ್ಲಿ ಚಾರ್ಜ್ ಆಗುತ್ತಿರುವ ಫೋನು, ಮೂಲೆಯ ಯುಪಿಎಸ್ ಇವನ್ನು ಒಂದೊಂದಾಗಿ ಆರಿಸಿ ನೋಡಿ. ರೆಫರೆನ್ಸ್ ಸಡಿಲವಾಗಿದ್ದರೂ ಹೀಗೇ ಆಗುತ್ತದೆ.

ಸಾಫ್ಟ್‌ವೇರ್‌ನಲ್ಲಿ 50 ಹರ್ಟ್ಜ್ ಕತ್ತರಿಸುವ ಫಿಲ್ಟರ್ ಇರುತ್ತದೆ. ಅದನ್ನು ಮೊದಲ ಮದ್ದಾಗಿ ಬಳಸಬೇಡಿ. ಸ್ನಾಯುವಿನ ಸಿಗ್ನಲ್ ಗಟ್ಟಿಯಾಗಿರುವುದು 50ರಿಂದ 150 ಹರ್ಟ್ಜ್‌ವರೆಗೆ. ಗದ್ದಲದ ಜೊತೆ ನಿಮಗೆ ಬೇಕಾದ್ದೂ ಹೋಗುತ್ತದೆ.

ಹೋಲಿಸಲು ಒಂದು ಅಳತೆಗೋಲು

ಇವತ್ತು 0.4 ಮಿಲಿವೋಲ್ಟ್ ಬಂತು, ಮುಂದಿನ ವಾರ 0.6 ಬಂತು. ಸ್ನಾಯು ಸುಧಾರಿಸಿತೇ? ಇಷ್ಟರಿಂದ ಹೇಳಲಾಗದು. ಎಲೆಕ್ಟ್ರೋಡ್ ಒಂದು ಸೆಂಟಿಮೀಟರ್ ಸರಿದಿರಬಹುದು, ಚರ್ಮ ಚೆನ್ನಾಗಿ ಉಜ್ಜಿರಬಹುದು. ಚರ್ಮದಡಿಯ ಕೊಬ್ಬು ದಪ್ಪವಿದ್ದವರಲ್ಲಿ ಸಿಗ್ನಲ್ ಚಿಕ್ಕದೇ ಬರುತ್ತದೆ. ಆದ್ದರಿಂದ ಮಿಲಿವೋಲ್ಟನ್ನು ಹಾಗೇ ಹೋಲಿಸಬಾರದು.

ಆರೋಗ್ಯವಂತ ಆಟಗಾರರಲ್ಲಿ ದಾರಿ ಸುಲಭ. ಅವರು ಪೂರ್ತಿ ಬಲ ಹಾಕಿದಾಗ ಬರುವ ಅಳತೆಯನ್ನು 100 ಎಂದುಕೊಳ್ಳಿ. ಬೈಸೆಪ್ಸ್‌ಗೆ ಮೊಣಕೈ 90 ಡಿಗ್ರಿಯಲ್ಲಿ, ಹಿಗ್ಗದ ಬೆಲ್ಟನ್ನು ಮೇಜಿನ ಕಾಲಿಗೆ ಕಟ್ಟಿ ಎಳೆಸಿ. ಮೂರರಿಂದ ಐದು ಸೆಕೆಂಡು, ಮೂರು ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ. "ಎಳೀರಿ, ಎಳೀರಿ, ಇನ್ನೂ ಸ್ವಲ್ಪ!" ಎಂದು ಜೋರಾಗಿ ಹುರಿದುಂಬಿಸಿ, ಮೂರು ಸಲವೂ ಒಂದೇ ರೀತಿ. ಉಸಿರು ಕಟ್ಟಲು ಬಿಡಬೇಡಿ. ಇದರಲ್ಲಿ 0.8 ಮಿಲಿವೋಲ್ಟ್ ಬಂದು, ರಾಕೆಟ್ ಎತ್ತಿ ಅಲುಗದೆ ಹಿಡಿದಾಗ 0.2 ಬಂದರೆ ಅದು ಶೇ 25. ಈ ಶೇಕಡಾ ಲೆಕ್ಕವನ್ನು ಮುಂದಿನ ವಾರಕ್ಕೂ ಹೋಲಿಸಬಹುದು.

ಬಿಪಿ ಹೆಚ್ಚಿರುವವರಿಗೆ, ಈಚೆಗೆ ಆಪರೇಷನ್ ಆದವರಿಗೆ, ನೋವಿರುವವರಿಗೆ ಪೂರ್ತಿ ಬಲ ಹಾಕಿಸಬೇಡಿ. ಅವರಿಗೆ ಒಂದು ನಿಗದಿತ ಹಗುರ ತೂಕ ಹಿಡಿಸಿ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಒಂದು ಲೀಟರ್ ನೀರಿನ ಬಾಟಲಿಯಾದರೂ ಸರಿ, ಪ್ರತಿ ಸಲ ಅದೇ ತೂಕ, ಅದೇ ಕೋನ. ಲಕ್ವದಿಂದ ಸೋತ ಕೈಯಲ್ಲಿ ಪೂರ್ತಿ ಬಲ ಎನ್ನುವುದೇ ದಿನಕ್ಕೊಂದು ಥರ ಇರುತ್ತದೆ, ಅದನ್ನು 100 ಎಂದು ನಂಬಲಾಗದು.

ಅಲೆಯನ್ನು ಓದುವುದು

ಕಚ್ಚಾ ಸಿಗ್ನಲ್ ಸೊನ್ನೆಯ ಮೇಲೂ ಕೆಳಗೂ ಕುಣಿಯುತ್ತದೆ. 20ರಿಂದ 450 ಹರ್ಟ್ಜ್ ನಡುವಿನದನ್ನು ಉಳಿಸಿಕೊಳ್ಳಿ. ಅದಕ್ಕಿಂತ ಕೆಳಗಿನದು ಬಹುಪಾಲು ವೈರ್ ಅಲುಗಾಟ. ಆಮೇಲೆ 50ರಿಂದ 100 ಮಿಲಿಸೆಕೆಂಡಿನ ಕಿಟಕಿಯಲ್ಲಿ, ಅಂದರೆ ಅಷ್ಟಷ್ಟು ಹೊತ್ತಿನ ತುಣುಕಿಗೆ, ಒಂದು ಬಗೆಯ ಸರಾಸರಿಯಾದ ಆರ್‌ಎಂಎಸ್ ತೆಗೆದರೆ ಓದಲು ಬರುವ ನಯವಾದ ಗೆರೆ ಸಿಗುತ್ತದೆ. ಕಚ್ಚಾ ಸಿಗ್ನಲ್ ಅಳಿಸಬೇಡಿ. ಅನುಮಾನ ಬಂದಾಗ ಹಿಂದಿರುಗಿ ನೋಡಲು ಅದೊಂದೇ ಸಾಕ್ಷಿ. ಕೆಲವು ಅಗ್ಗದ ಸೆನ್ಸರ್‌ಗಳು ನಯ ಮಾಡಿದ ಗೆರೆಯನ್ನಷ್ಟೇ ಕೊಡುತ್ತವೆ, ಅದರಿಂದ ದಣಿವಿನ ಲೆಕ್ಕ ತೆಗೆಯಲಾಗದು.

ದಣಿವು ಹೇಗೆ ಕಾಣುತ್ತದೆ? ಅರ್ಧ ಬಲದಲ್ಲಿ ತೂಕ ಹಿಡಿದು ನಿಲ್ಲಲು ಹೇಳಿ. ಹೊತ್ತು ಹೋದಂತೆ ಅಲೆ ದೊಡ್ಡದಾಗುತ್ತದೆ, ಏಕೆಂದರೆ ಸುಸ್ತಾದ ಎಳೆಗಳ ಜೊತೆಗೆ ಹೊಸ ಎಳೆಗಳನ್ನೂ ಕೆಲಸಕ್ಕೆ ಕರೆಯಬೇಕಾಗುತ್ತದೆ. ಅದೇ ಹೊತ್ತಿಗೆ ಮೀಡಿಯನ್ ಫ್ರೀಕ್ವೆನ್ಸಿ (ಸಿಗ್ನಲ್ಲಿನ ಶಕ್ತಿಯನ್ನು ಸಮ ಎರಡು ಪಾಲು ಮಾಡುವ ಹರ್ಟ್ಜ್) ಕೆಳಗಿಳಿಯುತ್ತದೆ, ಏಕೆಂದರೆ ಎಳೆಯ ಮೇಲೆ ಅಲೆ ಓಡುವ ವೇಗ ಕುಂದುತ್ತದೆ. ಎರಡೂ ಒಟ್ಟಿಗೆ ಕಂಡರೆ ದಣಿವು ಎನ್ನಬಹುದು. ಇದು ಕೈ ಅಲುಗದೆ ಹಿಡಿದಾಗ ನಂಬುವಂಥದ್ದು. ಸ್ಮ್ಯಾಷ್ ಹೊಡೆಯುವಾಗ ಸ್ನಾಯು ಎಲೆಕ್ಟ್ರೋಡಿನ ಕೆಳಗೇ ಜಾರುತ್ತದೆ. ಅಲ್ಲಿ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬುದನ್ನಷ್ಟೇ ನೋಡಿ, ಜೊತೆಗೆ ವಿಡಿಯೋ ಮಾಡಿಕೊಳ್ಳಿ. ವಿದ್ಯುತ್ ಅಲೆ ಬಂದು 30ರಿಂದ 100 ಮಿಲಿಸೆಕೆಂಡ್ ಆದ ಮೇಲೆಯೇ ಬಲ ಕಾಣಿಸುವುದು, ವಿಡಿಯೋ ಹೊಂದಿಸುವಾಗ ಇದು ನೆನಪಿರಲಿ.

ಬೈಸೆಪ್ಸ್ ಅಳೆಯುವಾಗ ಅಂಗೈ ಯಾವ ಕಡೆ ಇತ್ತು ಎಂದು ಬರೆಯಲೇಬೇಕು. ಅದು ಮೊಣಕೈ ಮಡಚುವುದಷ್ಟೇ ಅಲ್ಲ, ಅಂಗೈಯನ್ನು ಮೇಲಕ್ಕೆ ತಿರುಗಿಸುವ ಸ್ನಾಯುವೂ ಹೌದು. ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುವಾಗ ದುಡಿಯುವುದು ಅದೇ. ಅಂಗೈ ಕೆಳಗೆ ಮಾಡಿ ಅದೇ ತೂಕ ಎತ್ತಿದರೆ ಅದರ ಪಾಲು ಕಡಿಮೆಯಾಗುತ್ತದೆ, ಭಾರ ಬೇರೆ ಸ್ನಾಯುಗಳಿಗೆ ಹೋಗುತ್ತದೆ.

ಲಕ್ವ ಹೊಡೆದ ಕೈ

ನನಗೆ ಈ ಯಂತ್ರದ ಮೇಲೆ ಪ್ರೀತಿ ಬಂದದ್ದು ಇಲ್ಲಿ. ಮಣಿಕಟ್ಟು ಎತ್ತಿ ಎನ್ನುತ್ತೇವೆ. ಕೈ ಕದಲುವುದಿಲ್ಲ. ಅವರ ಮುಖ ಬಾಡುತ್ತದೆ. ಆದರೆ ಪರದೆಯ ಮೇಲೆ ರೇಖೆ ಸ್ವಲ್ಪ ದಪ್ಪವಾಗುತ್ತದೆ. ಮಿದುಳಿನ ಆಜ್ಞೆ ಸ್ನಾಯುವಿನವರೆಗೆ ತಲುಪುತ್ತಿದೆ, ಕೈ ಎತ್ತುವಷ್ಟು ಜೋರಾಗಿಲ್ಲ ಅಷ್ಟೇ. ಅದನ್ನು ಅವರಿಗೆ ತೋರಿಸಿ. ತೋರಿಸುವ ಮುಂಚೆ ಖಚಿತ ಮಾಡಿಕೊಳ್ಳಿ. ಐದು ಸಲ ಹೇಳಿ, ಐದು ಸಲವೂ ಹೇಳಿದಾಗಲೇ ಬಂದು, ಬಿಡಿ ಎಂದಾಗ ಹೋಗಬೇಕು. ಭುಜ ಎಳೆದದ್ದಕ್ಕೋ ವೈರ್ ಅಲುಗಿದ್ದಕ್ಕೋ ಬಂದ ಗೆರೆಯನ್ನು ತೋರಿಸಿ ಆಸೆ ಹುಟ್ಟಿಸುವುದು ತಪ್ಪು.

ಆಮೇಲೆ ಆ ಗೆರೆಯನ್ನೇ ವ್ಯಾಯಾಮ ಮಾಡಿಸಬಹುದು. ಅವರು ಮುಟ್ಟಬಲ್ಲ ಎತ್ತರಕ್ಕಿಂತ ಸ್ವಲ್ಪವೇ ಮೇಲೆ ಒಂದು ಗುರಿ ಗೆರೆ ಇಡಿ. ಹತ್ತು ಸಲದಲ್ಲಿ ಏಳೆಂಟು ಸಲ ಮುಟ್ಟಿದರೆ ಗುರಿ ಏರಿಸಿ. ಒಟ್ಟಿಗೆ ಎರಡು ಸ್ನಾಯು ಅಳೆಯಲು ಎರಡು ಚಾನೆಲ್ ಇದ್ದರೆ ಬೈಸೆಪ್ಸ್, ಟ್ರೈಸೆಪ್ಸ್ ಎರಡನ್ನೂ ಹಾಕಿ, ಮೊಣಕೈ ಚಾಚಿಸಿ. ಟ್ರೈಸೆಪ್ಸ್ ಏರುವಾಗ ಬೈಸೆಪ್ಸ್ ಕೂಡ ಏರಿ ಕೂತರೆ, ತೊಂದರೆ ಬರೀ ಬಲದ ಕೊರತೆಯಲ್ಲ, ಬಿಡಬೇಕಾದ ಸ್ನಾಯು ಬಿಡುತ್ತಿಲ್ಲ. ಆಗ ಟ್ರೈಸೆಪ್ಸ್‌ಗೆ ಇನ್ನಷ್ಟು ಜೋರು ಮಾಡಿ ಎಂದು ಒತ್ತಾಯಿಸಿದರೆ ಬಿಗಿತ ಹೆಚ್ಚಾಗಬಹುದು. ಬೈಸೆಪ್ಸ್ ಗೆರೆಯನ್ನು ಕೆಳಗಿಳಿಸುವುದನ್ನೇ ಗುರಿ ಮಾಡಿ, ನಿಧಾನವಾಗಿ ಚಾಚಿಸಿ. ಬಿಗಿತ ಇರುವ ಸ್ನಾಯು ವೇಗಕ್ಕೆ ಕೆರಳುತ್ತದೆ. ಇದೆಲ್ಲ ದಿನದ ವ್ಯಾಯಾಮದ ಜೊತೆಗೆ, ಅದರ ಬದಲಿಗೆ ಅಲ್ಲ. ಹದಿನೈದು ನಿಮಿಷ ಪರದೆ ನೋಡಿ ಮಾಡಿದ್ದನ್ನು, ಪರದೆ ಆರಿಸಿ ಲೋಟ ಹಿಡಿಯುವುದರಲ್ಲಿ ಮಾಡಿಸಿ.

ಮುಗಿಸುವಾಗ

ಎಲೆಕ್ಟ್ರೋಡ್ ಕೀಳುವ ಮೊದಲು ಫೋಟೋ ತೆಗೆಯಿರಿ, ಮುಖ ಬೇಡ, ಕೈ ಮಾತ್ರ, ಕೇಳಿ ಒಪ್ಪಿಗೆ ಪಡೆದು. ಯಾವ ಮೂಳೆಯಿಂದ ಎಷ್ಟು ಸೆಂಟಿಮೀಟರ್, ಅಂತರ ಎಷ್ಟು, ಕೋನ ಎಷ್ಟು, ಯಾವ ಫಿಲ್ಟರ್, ಯಾವ ಅಳತೆಗೋಲು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ವಾರ ಬೇರೆಯವರು ಬಂದು ಅಳೆದರೂ ಅದೇ ಜಾಗ ಸಿಗಬೇಕು.

ಕೀಳುವಾಗ ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು, ಇನ್ನೊಂದರಿಂದ ಕೂದಲು ಮಲಗಿರುವ ದಿಕ್ಕಿನಲ್ಲಿ ನಿಧಾನವಾಗಿ ಎಳೆಯಿರಿ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಜೆಲ್ ಒರೆಸಿ. ಸಣ್ಣ ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಮಾರನೇ ದಿನವೂ ತುರಿಕೆ, ಕೆಂಪು ಉಳಿದರೆ ತಿಳಿಸಲು ಹೇಳಿ ಕಳಿಸಿ, ಮುಂದಿನ ಸಲ ಬೇರೆ ಅಂಟಿನ ಎಲೆಕ್ಟ್ರೋಡ್ ತರಿಸಿ. ಪೆನ್ನಿನ ಗುರುತನ್ನು ಮಾತ್ರ ಅಳಿಸಬೇಡಿ. ಎರಡು ದಿನದೊಳಗೆ ಮತ್ತೆ ಬರುವವರಾದರೆ, ಸ್ನಾನ ಮಾಡುವಾಗ ಅದನ್ನು ಉಜ್ಜಬೇಡಿ ಎಂದು ಹೇಳಿಕಳಿಸಿ.